ಬೆಳಕನ್ನು ಹೊಸದಾಗಿ ಎಣಿಸಿದ ಮೇಷ್ಟ್ರು: ಸತ್ಯೇಂದ್ರನಾಥ ಬೋಸ್

ನಾನು ಕಾಮರ್ಸ್ ವಿದ್ಯಾರ್ಥಿನಿ. ಈ ಸಂಚಿಕೆಗೆ ಒಬ್ಬ ಭೌತವಿಜ್ಞಾನಿಯ ಜೀವನವನ್ನು ಬರೆಯುತ್ತೇನೆ ಎಂದಾಗ ಸೈನ್ಸ್ ವಿಭಾಗದ ಗೆಳತಿಯರು ನಕ್ಕರು. ಆದರೆ ನನ್ನ ಮಟ್ಟಿಗೆ ಈ ಕಥೆ ಶುರುವಾದದ್ದೇ ಅಕೌಂಟೆನ್ಸಿ ತರಗತಿಯಲ್ಲಿ. ಕಳೆದ ವರ್ಷ ಟ್ರಯಲ್ ಬ್ಯಾಲೆನ್ಸ್ ಪಾಠ ಮಾಡುವಾಗ ನಮ್ಮ ಮೇಡಂ ಒಂದು ವಿಷಯವನ್ನು ಒತ್ತಿ ಹೇಳಿದ್ದರು. ಡೆಬಿಟ್ ಮತ್ತು ಕ್ರೆಡಿಟ್ ಎರಡೂ ಕಡೆಯ ಮೊತ್ತ ತಾಳೆಯಾದ ಮಾತ್ರಕ್ಕೆ ಲೆಕ್ಕ ಸರಿಯಿದೆ ಎಂದು ಅರ್ಥವಲ್ಲ, ಒಳಗೆ ತಪ್ಪು ನಮೂದುಗಳು ಅಡಗಿರಬಹುದು ಎಂದು. ಕೆಲವು ತಿಂಗಳ ನಂತರ ಸತ್ಯೇಂದ್ರನಾಥ ಬೋಸ್ ಅವರ ಬಗ್ಗೆ ಓದಿದಾಗ ನನಗೆ ಆ ಪಾಠ ಮತ್ತೆ ನೆನಪಾಯಿತು. ತಾಳೆಯಾದ ಲೆಕ್ಕವನ್ನು ಒಪ್ಪಿಕೊಂಡು ಸುಮ್ಮನೆ ಕೂರದೆ, ಮೊದಲ ನಮೂದಿನಿಂದ ಮತ್ತೆ ಬರೆದವರು ಅವರು.

ಬೋಸ್ ತೀರಿಕೊಂಡು ಅರ್ಧ ಶತಮಾನ ಕಳೆದಿದೆ. ಆದರೆ ಅವರು ಎತ್ತಿಕೊಂಡ ಪ್ರಶ್ನೆ ಇನ್ನೊಂದು ರೂಪದಲ್ಲಿ ಇತ್ತೀಚಿನವರೆಗೂ ವಿಜ್ಞಾನಿಗಳನ್ನು ಜಗಳವಾಡಿಸಿದೆ. ಬಿಸಿಯಾದ ವಸ್ತು ಸೂಸುವ ಬೆಳಕನ್ನು ಅಲೆ ಎಂದು ಲೆಕ್ಕ ಹಾಕಬೇಕೋ, ಕಣ ಎಂದು ಎಣಿಸಬೇಕೋ ಎಂಬುದೇ ಆ ಪ್ರಶ್ನೆ.

ಬಾಲ್ಯ ಮತ್ತು ಓದು

ಸತ್ಯೇಂದ್ರನಾಥ ಬೋಸ್ 1894ರ ಜನವರಿ 1ರಂದು ಕಲ್ಕತ್ತೆಯಲ್ಲಿ ಜನಿಸಿದರು. ತಂದೆ ಸುರೇಂದ್ರನಾಥ ಬೋಸ್ ಈಸ್ಟ್ ಇಂಡಿಯನ್ ರೈಲ್ವೆಯ ಎಂಜಿನಿಯರಿಂಗ್ ವಿಭಾಗದಲ್ಲಿ ನೌಕರಿ ಮಾಡುತ್ತಿದ್ದರು. ತಾಯಿ ಆಮೋದಿನಿ ದೇವಿ. ಏಳು ಮಕ್ಕಳಲ್ಲಿ ಸತ್ಯೇಂದ್ರನಾಥರೇ ಹಿರಿಯರು, ಉಳಿದ ಆರೂ ಮಂದಿ ತಂಗಿಯರು. ಚಿಕ್ಕಂದಿನಿಂದಲೂ ಅವರ ಕಣ್ಣಿನ ದೃಷ್ಟಿ ಚೆನ್ನಾಗಿರಲಿಲ್ಲ, ಆದರೆ ಓದಿದ್ದು ಮರೆಯುತ್ತಿರಲಿಲ್ಲ.

ಅವರು ಓದಿದ್ದು ಕಲ್ಕತ್ತೆಯ ಹೆಸರಾಂತ ಹಿಂದೂ ಸ್ಕೂಲಿನಲ್ಲಿ. ಅಲ್ಲಿಯ ಗಣಿತ ಮೇಷ್ಟ್ರು ಒಂದು ಪರೀಕ್ಷೆಯಲ್ಲಿ ಅವರಿಗೆ ನೂರಕ್ಕೆ ನೂರಹತ್ತು ಅಂಕ ಕೊಟ್ಟರು ಎಂಬ ಕಥೆ ಇವತ್ತಿಗೂ ಪ್ರಚಲಿತವಾಗಿದೆ. ಹುಡುಗ ಎಲ್ಲ ಲೆಕ್ಕಗಳನ್ನೂ ಬಿಡಿಸಿದ್ದಲ್ಲದೆ ಕೆಲವನ್ನು ಒಂದಕ್ಕಿಂತ ಹೆಚ್ಚು ವಿಧಾನಗಳಲ್ಲಿ ಬಿಡಿಸಿದ್ದನಂತೆ. ಒಂದೇ ಉತ್ತರಕ್ಕೆ ಎರಡು ದಾರಿ ಇರಬಹುದು ಎಂಬುದು ಅವರಿಗೆ ಆಗಲೇ ಗೊತ್ತಿತ್ತು ಎಂದಾಯಿತು. ಮುಂದೆ ಅವರ ಜೀವನದ ದೊಡ್ಡ ಕೆಲಸವೂ ಇದೇ ರೀತಿಯದ್ದು.

1909ರಲ್ಲಿ ಎಂಟ್ರೆನ್ಸ್ ಪರೀಕ್ಷೆ ಪಾಸು ಮಾಡಿ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಅಲ್ಲಿ ಜಗದೀಶಚಂದ್ರ ಬೋಸ್ ಮತ್ತು ಪ್ರಫುಲ್ಲಚಂದ್ರ ರಾಯ್ ಅವರಂಥ ಗುರುಗಳು ಸಿಕ್ಕರು. ಸಹಪಾಠಿಯಾಗಿ ಮೇಘನಾದ ಸಾಹಾ ಸಿಕ್ಕರು. 1913ರಲ್ಲಿ ಬಿ.ಎಸ್ಸಿ., 1915ರಲ್ಲಿ ಮಿಶ್ರ ಗಣಿತದಲ್ಲಿ ಎಂ.ಎಸ್ಸಿ., ಎರಡರಲ್ಲೂ ಬೋಸ್ ಮೊದಲ ಸ್ಥಾನ. ಎಂ.ಎಸ್ಸಿ.ಯಲ್ಲಿ ಎರಡನೇ ಸ್ಥಾನ ಸಾಹಾ ಅವರದ್ದು. ಇಬ್ಬರ ನಡುವೆ ಇದ್ದದ್ದು ಪೈಪೋಟಿಗಿಂತ ಸ್ನೇಹವೇ ಹೆಚ್ಚು. 1914ರಲ್ಲಿ, ಇಪ್ಪತ್ತನೆಯ ವಯಸ್ಸಿನಲ್ಲಿ, ಬೋಸ್ ಅವರ ಮದುವೆ ಉಷಾವತಿ ಅವರೊಂದಿಗೆ ಆಯಿತು.

ಆಗ ಮೊದಲ ಮಹಾಯುದ್ಧದ ಕಾಲ. ಯುರೋಪಿನ ಹೊಸ ವಿಜ್ಞಾನ ಪತ್ರಿಕೆಗಳು ಕಲ್ಕತ್ತೆಗೆ ಬರುವುದೇ ಕಷ್ಟವಾಗಿತ್ತು. ಹೊಸ ಭೌತವಿಜ್ಞಾನವೆಲ್ಲ ಜರ್ಮನ್ ಭಾಷೆಯಲ್ಲಿತ್ತು. ಬೋಸ್ ಮತ್ತು ಸಾಹಾ ಇಬ್ಬರೂ ಜರ್ಮನ್ ಕಲಿತರು. ಸಾಪೇಕ್ಷತಾ ಸಿದ್ಧಾಂತದ ಮೇಲಿನ ಐನ್‌ಸ್ಟೈನ್ ಅವರ ಲೇಖನಗಳನ್ನು ಇಂಗ್ಲಿಷಿಗೆ ಅನುವಾದಿಸಿದರು. ಕಲ್ಕತ್ತಾ ವಿಶ್ವವಿದ್ಯಾಲಯ ಅದನ್ನು ಪ್ರಕಟಿಸಿತು. ಆಗ ಇಬ್ಬರಿಗೂ ಇನ್ನೂ ಮೂವತ್ತು ವರ್ಷ ತುಂಬಿರಲಿಲ್ಲ. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್ ಎಂದು ನಾವು ಎಷ್ಟು ಸಲ ಗೊಣಗಿಲ್ಲ! ಬೋಸ್ ಅವರಿಗೆ ಬಂಗಾಳಿ, ಇಂಗ್ಲಿಷ್, ಸಂಸ್ಕೃತ ಬರುತ್ತಿದ್ದವು. ಅವುಗಳ ಜೊತೆಗೆ ಅವರು ಜರ್ಮನ್ ಮತ್ತು ಫ್ರೆಂಚ್ ಕೂಡ ಕಲಿತರು.

ಢಾಕಾದ ತರಗತಿ

1921ರಲ್ಲಿ ಢಾಕಾ ವಿಶ್ವವಿದ್ಯಾಲಯ ಆರಂಭವಾಯಿತು. ಅದೇ ವರ್ಷ ಬೋಸ್ ಅಲ್ಲಿಗೆ ಭೌತವಿಜ್ಞಾನದ ರೀಡರ್ ಆಗಿ ಹೋದರು. ಪಾಠ ಮಾಡುವುದು ಅವರಿಗೆ ಕೇವಲ ನೌಕರಿಯಾಗಿರಲಿಲ್ಲ. ತನಗೆ ಪೂರ್ತಿ ಒಪ್ಪಿಗೆಯಾಗದ ವಿಷಯವನ್ನು ವಿದ್ಯಾರ್ಥಿಗಳ ಮುಂದೆ ಇಡಲು ಅವರಿಗೆ ಮನಸ್ಸು ಬರುತ್ತಿರಲಿಲ್ಲ. ಹಾಗೆ ಒಪ್ಪಿಗೆಯಾಗದೆ ಉಳಿದ ವಿಷಯಗಳಲ್ಲಿ ಒಂದು ಪ್ಲಾಂಕ್ ಸೂತ್ರ.

ಇಲ್ಲಿ ಸ್ವಲ್ಪ ವಿಜ್ಞಾನ ಹೇಳಲೇಬೇಕು. ಕಬ್ಬಿಣವನ್ನು ಕುಲುಮೆಯಲ್ಲಿಟ್ಟರೆ ಮೊದಲು ಕೆಂಪಾಗುತ್ತದೆ, ಇನ್ನೂ ಕಾದರೆ ಹಳದಿಯಾಗುತ್ತದೆ, ಮತ್ತೂ ಕಾದರೆ ಬೆಳ್ಳಗೆ ಹೊಳೆಯುತ್ತದೆ. ಹೀಗೆ ಕಾವಿನಿಂದ ಹುಟ್ಟುವ ಬೆಳಕನ್ನು ಉಷ್ಣ ಬೆಳಕು ಎನ್ನೋಣ. ಸೂರ್ಯ, ನಕ್ಷತ್ರ, ಹಳೆಯ ಕಾಲದ ತಂತಿ ಬಲ್ಬು, ಎಲ್ಲದರ ಬೆಳಕೂ ಈ ಜಾತಿಯದ್ದೇ. ಯಾವ ಬಿಸಿಗೆ ಯಾವ ಬಣ್ಣದ ಬೆಳಕು ಎಷ್ಟು ಬರುತ್ತದೆ? ಬೆಳಕು ಬರೀ ಅಲೆ ಎಂದು ನಂಬಿದ್ದ ಹಳೆಯ ಸಿದ್ಧಾಂತ, ಅಂದರೆ ಕ್ಲಾಸಿಕಲ್ ಭೌತವಿಜ್ಞಾನ, ಈ ಪ್ರಶ್ನೆಯಲ್ಲಿ ಫೇಲಾಗಿತ್ತು. ಅದರ ಲೆಕ್ಕದ ಪ್ರಕಾರ ನೇರಳೆಯ ಆಚೆಗಿನ ಬೆಳಕು ಮಿತಿಯಿಲ್ಲದಷ್ಟು ಬರಬೇಕಿತ್ತು. ಹಾಗಾದರೆ ಒಲೆ ಹಚ್ಚಿದ ಯಾರೂ ಉಳಿಯುತ್ತಿರಲಿಲ್ಲ!

1900ರಲ್ಲಿ ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಒಂದು ಸೂತ್ರ ಕೊಟ್ಟರು. ಶಕ್ತಿಯನ್ನು ಚಿಕ್ಕ ಚಿಕ್ಕ ಕಂತುಗಳಾಗಿ ಎಣಿಸಿದಾಗ ಬಂದ ಸೂತ್ರ ಅದು. ಪ್ರಯೋಗಗಳ ಅಳತೆಗೆ ಅದು ಪೂರ್ತಿ ತಾಳೆಯಾಯಿತು. ಆ ಕಂತಿಗೇ ಕ್ವಾಂಟಮ್ ಎಂದು ಹೆಸರು. 1905ರಲ್ಲಿ ಐನ್‌ಸ್ಟೈನ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಬೆಳಕು ಸ್ವತಃ ಕಣಗಳಂತೆ ವರ್ತಿಸುತ್ತದೆ ಎಂದರು. ಆದರೆ ಪ್ಲಾಂಕ್ ಸೂತ್ರವನ್ನು ಸಾಧಿಸುವ ರೀತಿಯಲ್ಲಿ ಒಂದು ದೋಷ ಉಳಿದುಕೊಂಡಿತು. ಸೂತ್ರದ ಅರ್ಧ ಭಾಗ ಹಳೆಯ ಅಲೆ ಸಿದ್ಧಾಂತದಿಂದ ಬರುತ್ತಿತ್ತು, ಇನ್ನರ್ಧ ಹೊಸ ಕಂತಿನ ಲೆಕ್ಕದಿಂದ. ಒಂದೇ ಪುಸ್ತಕದಲ್ಲಿ ಅರ್ಧ ಪುಟ ಒಂದು ಪದ್ಧತಿ, ಅರ್ಧ ಪುಟ ಇನ್ನೊಂದು ಪದ್ಧತಿ ಬಳಸಿ ಕೊನೆಗೆ ಮೊತ್ತ ತಾಳೆ ಮಾಡಿದಂತೆ. ಎರಡೂ ಪದ್ಧತಿಗಳು ಒಂದಕ್ಕೊಂದು ವಿರುದ್ಧವಾಗಿದ್ದರೂ ಉತ್ತರ ಮಾತ್ರ ಸರಿ!

ಹಲವರು ಇದನ್ನು ಸರಿಪಡಿಸಲು ನೋಡಿದ್ದರು. 1924ರಲ್ಲಿ ಗೆಳೆಯ ಸಾಹಾ ಢಾಕಾಕ್ಕೆ ಬಂದಿದ್ದಾಗ ಇತ್ತೀಚಿನ ಲೇಖನಗಳ ಬಗ್ಗೆ ಬೋಸ್ ಅವರೊಂದಿಗೆ ಚರ್ಚಿಸಿದರು. ಬೋಸ್ ಮತ್ತೆ ಲೆಕ್ಕಕ್ಕೆ ಕುಳಿತರು. ಈ ಸಲ ಅಲೆಯನ್ನು ಪೂರ್ತಿ ಬದಿಗಿಟ್ಟರು. ಪೆಟ್ಟಿಗೆಯೊಳಗೆ ಗಾಳಿ ತುಂಬಿರುವಂತೆ ಬೆಳಕಿನ ಕಣಗಳು ತುಂಬಿವೆ ಎಂದುಕೊಂಡರು. ಆ ಕಣಗಳಿಗೆ ಎಷ್ಟು ಕೋಣೆಗಳಿವೆ, ಯಾವ ಕೋಣೆಯಲ್ಲಿ ಎಷ್ಟು ಕಣಗಳಿವೆ ಎಂದು ಎಣಿಸಿದರು. ಅಷ್ಟರಿಂದಲೇ ಪ್ಲಾಂಕ್ ಸೂತ್ರ ಪೂರ್ತಿಯಾಗಿ ಹೊರಬಂತು.

ಎಣಿಕೆಯ ಗುಟ್ಟು

ಬೋಸ್ ಎಣಿಸಿದ ರೀತಿಯಲ್ಲೇ ಗುಟ್ಟು ಇತ್ತು. ಅದು ನಮಗೆ ಅರ್ಥವಾಗುವಂಥದ್ದೇ. ಎರಡು ಡಬ್ಬಿ, ಎರಡು ಒಂದು ರೂಪಾಯಿ ನಾಣ್ಯ ತೆಗೆದುಕೊಳ್ಳಿ. ಒಂದು ನಾಣ್ಯ ಹಳೆಯದು, ಒಂದು ಹೊಸದು. ಎಷ್ಟು ರೀತಿಯಲ್ಲಿ ಹಾಕಬಹುದು? ಎರಡೂ ಮೊದಲ ಡಬ್ಬಿಗೆ, ಎರಡೂ ಎರಡನೆಯದಕ್ಕೆ, ಹಳೆಯದು ಮೊದಲನೆಯದಕ್ಕೆ ಹೊಸದು ಎರಡನೆಯದಕ್ಕೆ, ಇಲ್ಲವೇ ಅದರ ತಿರುವುಮುರುವು. ಒಟ್ಟು 4 ರೀತಿ. ಅವುಗಳಲ್ಲಿ ಎರಡೂ ನಾಣ್ಯ ಒಟ್ಟಿಗೇ ಇರುವುದು 2 ರೀತಿ, ಅಂದರೆ ಅರ್ಧ.

ಈಗ ಡಬ್ಬಿಯ ಬದಲು ಎರಡು ಬ್ಯಾಂಕ್ ಖಾತೆ ಎಂದುಕೊಳ್ಳಿ. ಒಟ್ಟು 2 ರೂಪಾಯಿ. ಬಾಕಿ 2-0 ಇರಬಹುದು, 1-1 ಇರಬಹುದು, 0-2 ಇರಬಹುದು. ಇರುವುದೇ 3 ರೀತಿ. ಖಾತೆಯಲ್ಲಿರುವ ಹಣದಲ್ಲಿ ಇದು ಯಾವ ರೂಪಾಯಿ, ಅದು ಯಾವ ರೂಪಾಯಿ ಎಂದು ಕೇಳುವುದರಲ್ಲಿ ಅರ್ಥವೇ ಇಲ್ಲ. ಈ ಮೂರೂ ಸಮಾನ ಎಂದು ಎಣಿಸಿದರೆ, ಎರಡೂ ರೂಪಾಯಿ ಒಂದೇ ಖಾತೆಯಲ್ಲಿರುವುದು 3ರಲ್ಲಿ 2 ಪಾಲು. ಅರ್ಧಕ್ಕಿಂತ ಹೆಚ್ಚು!

ಬೆಳಕಿನ ಕಣಗಳು ನಾಣ್ಯಗಳಂತಲ್ಲ, ಬ್ಯಾಂಕ್ ಬಾಕಿಯಂತೆ. ಒಂದನ್ನು ಇನ್ನೊಂದರಿಂದ ಗುರುತಿಸಲಾಗದು. ಆದ್ದರಿಂದ ನಮ್ಮ ಸಾಮಾನ್ಯ ಎಣಿಕೆ ಹೇಳುವುದಕ್ಕಿಂತ ಹೆಚ್ಚಾಗಿ ಅವು ಗುಂಪುಗೂಡುತ್ತವೆ. ಬೋಸ್ ಅವರಿಗೆ ತಾವು ಇಷ್ಟು ದೊಡ್ಡ ಹೊಸತನವನ್ನು ಮಾಡುತ್ತಿದ್ದೇವೆ ಎಂಬ ಅರಿವು ಆಗ ಇರಲಿಲ್ಲ. ಮುಂದೆ ಅವರೇ ಇದನ್ನು ಸಂಕೋಚವಿಲ್ಲದೆ ಒಪ್ಪಿಕೊಂಡಿದ್ದಾರೆ. ಆ ಎಣಿಕೆಯ ಒಳಗಿದ್ದ ವಿಚಿತ್ರವನ್ನು ಬಿಡಿಸಿ ತೋರಿಸಿದವರು ಐನ್‌ಸ್ಟೈನ್.

ಐನ್‌ಸ್ಟೈನ್‌ಗೆ ಪತ್ರ

ಬೋಸ್ ತಮ್ಮ ಲೇಖನವನ್ನು ಮೊದಲು ಇಂಗ್ಲೆಂಡಿನ ಫಿಲಾಸಫಿಕಲ್ ಮ್ಯಾಗಜೀನ್ ಪತ್ರಿಕೆಗೆ ಕಳುಹಿಸಿದ್ದರು. ಅಲ್ಲಿ ಅದು ಅಚ್ಚಾಗಲಿಲ್ಲ. 1924ರ ಜೂನ್ 4ರಂದು ಅವರು ಆ ಲೇಖನವನ್ನು ನೇರವಾಗಿ ಐನ್‌ಸ್ಟೈನ್ ಅವರಿಗೇ ಕಳುಹಿಸಿದರು. ಇದು ಪ್ರಕಟಣೆಗೆ ಯೋಗ್ಯ ಎನಿಸಿದರೆ ಜರ್ಮನ್ ಪತ್ರಿಕೆಯೊಂದರಲ್ಲಿ ಅಚ್ಚು ಮಾಡಿಸಬೇಕೆಂದು ಕೇಳಿಕೊಂಡರು. ಗುರುತು ಪರಿಚಯವಿಲ್ಲದ ಮೂವತ್ತು ವರ್ಷದ ಮೇಷ್ಟ್ರು, ಪಿಎಚ್.ಡಿ. ಇಲ್ಲ, ಇರುವುದು ಬ್ರಿಟಿಷರ ಆಳ್ವಿಕೆಯ ಢಾಕಾದಲ್ಲಿ. ಬರೆದದ್ದು ಜಗತ್ತಿನ ಅತಿ ಪ್ರಸಿದ್ಧ ವಿಜ್ಞಾನಿಗೆ. ಅದನ್ನು ಓದುವಾಗ ನನಗೆ ಅವರ ಬುದ್ಧಿಗಿಂತ ಧೈರ್ಯವೇ ದೊಡ್ಡದಾಗಿ ಕಂಡಿತು.

ಐನ್‌ಸ್ಟೈನ್ ಓದಿದರು. ತಾವೇ ಜರ್ಮನ್ ಭಾಷೆಗೆ ಅನುವಾದಿಸಿದರು. ಇದು ಮಹತ್ವದ ಮುನ್ನಡೆ ಎಂಬ ಟಿಪ್ಪಣಿ ಸೇರಿಸಿ ಪ್ರಕಟಣೆಗೆ ಕಳುಹಿಸಿದರು. ಅದೇ ವರ್ಷ ಅದು ಜರ್ಮನಿಯ ಪ್ರಮುಖ ಭೌತವಿಜ್ಞಾನ ಪತ್ರಿಕೆಯಲ್ಲಿ ಬಂತು. ಲೇಖನ ಕೆಲವೇ ಪುಟಗಳದ್ದು. ಐನ್‌ಸ್ಟೈನ್ ಅದೇ ಎಣಿಕೆಯನ್ನು ಪರಮಾಣುಗಳಿಗೂ ಅನ್ವಯಿಸಿದರು. ಅತಿ ತಣ್ಣಗೆ ಮಾಡಿದರೆ ಅಸಂಖ್ಯ ಪರಮಾಣುಗಳು ಒಂದೇ ಸ್ಥಿತಿಗೆ ಬಂದು ಸೇರುತ್ತವೆ ಎಂದು ಊಹಿಸಿದರು. ಎಪ್ಪತ್ತು ವರ್ಷಗಳ ನಂತರ, 1995ರಲ್ಲಿ, ಅಮೆರಿಕದ ಪ್ರಯೋಗಾಲಯದಲ್ಲಿ ಅದು ನಿಜವಾಯಿತು. ಅದನ್ನು ಬೋಸ್-ಐನ್‌ಸ್ಟೈನ್ ಸಾಂದ್ರೀಕರಣ ಎನ್ನುತ್ತಾರೆ. ಅದಕ್ಕಾಗಿ 2001ರಲ್ಲಿ ಮೂವರಿಗೆ ನೊಬೆಲ್ ಸಿಕ್ಕಿತು. ಬೋಸ್ ಅವರಿಗೆ ಮಾತ್ರ ನೊಬೆಲ್ ಬರಲಿಲ್ಲ. ಆದರೆ ಅವರ ಎಣಿಕೆಯನ್ನು ಪಾಲಿಸುವ ಎಲ್ಲ ಕಣಗಳಿಗೂ ಡಿರಾಕ್ ಬೋಸಾನ್ ಎಂದು ಹೆಸರಿಟ್ಟರು. ಪದಕ ಒಬ್ಬರ ಮನೆಯಲ್ಲಿರುತ್ತದೆ, ಆ ಹೆಸರು ಎಲ್ಲ ಪಠ್ಯಪುಸ್ತಕಗಳಲ್ಲಿದೆ.

ಐನ್‌ಸ್ಟೈನ್ ಬರೆದ ಒಂದು ಪೋಸ್ಟ್‌ಕಾರ್ಡ್ ಬೋಸ್ ಅವರ ಭಾಗ್ಯ ಬದಲಿಸಿತು. ಅದನ್ನು ನೋಡಿದ ಮೇಲೆ ವಿಶ್ವವಿದ್ಯಾಲಯ ಎರಡು ವರ್ಷಗಳ ಅಧ್ಯಯನ ರಜೆ ಕೊಟ್ಟಿತು. ಬೋಸ್ ಮೊದಲು ಪ್ಯಾರಿಸ್‌ಗೆ ಹೋದರು. ಅಲ್ಲಿ ಮೇರಿ ಕ್ಯೂರಿ ಅವರನ್ನು ಭೇಟಿಯಾದಾಗ, ಮೊದಲು ಫ್ರೆಂಚ್ ಚೆನ್ನಾಗಿ ಕಲಿತು ಬನ್ನಿ ಎಂಬ ಸಲಹೆ ಸಿಕ್ಕಿತು. ತನಗೆ ಫ್ರೆಂಚ್ ಬರುತ್ತದೆ ಎಂದು ಹೇಳಲು ಸಂಕೋಚದ ಬೋಸ್ ಅವರಿಗೆ ಅವಕಾಶವೇ ಸಿಗಲಿಲ್ಲ! 1925ರಲ್ಲಿ ಬರ್ಲಿನ್‌ಗೆ ಹೋಗಿ ಐನ್‌ಸ್ಟೈನ್ ಅವರನ್ನು ಕಂಡರು.

ಎಲ್ಲವೂ ಹೂವಿನ ಹಾದಿಯಾಗಿರಲಿಲ್ಲ. ಬೋಸ್ ಕಳುಹಿಸಿದ ಎರಡನೇ ಲೇಖನವನ್ನೂ ಐನ್‌ಸ್ಟೈನ್ ಅನುವಾದಿಸಿ ಪ್ರಕಟಿಸಿದರು, ಆದರೆ ಅದರ ವಾದವನ್ನು ತಾನು ಒಪ್ಪುವುದಿಲ್ಲ ಎಂಬ ಟೀಕೆಯನ್ನೂ ಜೊತೆಗೆ ಸೇರಿಸಿದರು. ಬೋಸ್ ಮುಂದೆ ಪ್ರಕಟಿಸಿದ ಲೇಖನಗಳೂ ಕಡಿಮೆಯೇ. 1926ರಲ್ಲಿ ಢಾಕಾಕ್ಕೆ ಮರಳಿ, ಡಾಕ್ಟರೇಟ್ ಇಲ್ಲದೆಯೇ ಪ್ರೊಫೆಸರ್ ಆದರು. ಎಕ್ಸ್-ಕಿರಣ ಪ್ರಯೋಗಾಲಯಕ್ಕೆ ಬೇಕಾದ ಉಪಕರಣಗಳನ್ನು ತಾವೇ ವಿನ್ಯಾಸ ಮಾಡಿದರು. ವಿಭಾಗದ ಕಿರಿಯ ಅಧ್ಯಾಪಕ ಕಾಜಿ ಮೊತಾಹರ್ ಹುಸೇನ್ ಅವರನ್ನು ಸಂಖ್ಯಾಶಾಸ್ತ್ರ ಕಲಿಯಲು ಹುರಿದುಂಬಿಸಿದರು. ಅವರೇ ಮುಂದೆ ಢಾಕಾ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ವಿಭಾಗವನ್ನು ಕಟ್ಟಿದರು. ಎಣಿಸುವುದನ್ನು ಕಲಿತ ಮೇಷ್ಟ್ರು ಎಣಿಸುವವರನ್ನು ಬೆಳೆಸಿದರು ಎನ್ನಬಹುದು.

ತಾಯ್ನುಡಿಯಲ್ಲಿ ವಿಜ್ಞಾನ

1945ರಲ್ಲಿ ಬೋಸ್ ಕಲ್ಕತ್ತೆಗೆ ಹಿಂತಿರುಗಿ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ 1956ರವರೆಗೆ ಪ್ರೊಫೆಸರ್ ಆಗಿದ್ದರು. 1948ರಲ್ಲಿ ಬಂಗೀಯ ವಿಜ್ಞಾನ ಪರಿಷತ್ತನ್ನು ಸ್ಥಾಪಿಸಿ, ಬಂಗಾಳಿಯಲ್ಲಿ ವಿಜ್ಞಾನದ ಮಾಸಪತ್ರಿಕೆ ಆರಂಭಿಸಿದರು. ತಾಯ್ನುಡಿಯಲ್ಲಿ ಉನ್ನತ ವಿಜ್ಞಾನ ಕಲಿಸಲಾಗದು ಎನ್ನುವವರನ್ನು ಅವರು ಒಪ್ಪುತ್ತಿರಲಿಲ್ಲ. ಜಪಾನಿಗೆ ಹೋದಾಗ ಅಲ್ಲಿಯವರು ತಮ್ಮ ಭಾಷೆಯಲ್ಲೇ ವಿಜ್ಞಾನ ಚರ್ಚಿಸುವುದನ್ನು ಕಂಡು ಅವರ ನಂಬಿಕೆ ಇನ್ನೂ ಗಟ್ಟಿಯಾಯಿತು. ರವೀಂದ್ರನಾಥ ಠಾಕೂರರು 1937ರಲ್ಲಿ ಬರೆದ ವಿಜ್ಞಾನದ ಪುಸ್ತಕ ವಿಶ್ವಪರಿಚಯವನ್ನು ಅರ್ಪಿಸಿದ್ದು ಬೋಸ್ ಅವರಿಗೇ. ಬಿಡುವಿನಲ್ಲಿ ಬೋಸ್ ಎಸ್ರಾಜ್ ನುಡಿಸುತ್ತಿದ್ದರು.

1952ರಿಂದ ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದರು. 1954ರಲ್ಲಿ ಪದ್ಮವಿಭೂಷಣ ಬಂತು. 1956ರಿಂದ 1958ರವರೆಗೆ ವಿಶ್ವಭಾರತಿಯ ಉಪಕುಲಪತಿಯಾಗಿದ್ದರು. 1958ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಫೆಲೋ ಆಗಿ ಆರಿಸಿತು. 1974ರ ಫೆಬ್ರವರಿ 4ರಂದು, ಎಂಬತ್ತನೆಯ ವಯಸ್ಸಿನಲ್ಲಿ, ಕಲ್ಕತ್ತೆಯಲ್ಲಿ ನಿಧನರಾದರು.

ಅವರ ಎಣಿಕೆ ಮುಂದುವರಿದ ಕಥೆ

ಜೀವನ ಚರಿತ್ರೆ ಇಲ್ಲಿಗೆ ಮುಗಿಯಬೇಕು. ಆದರೆ ಎಣಿಕೆ ಮುಗಿದಿಲ್ಲ. 1956ರಲ್ಲಿ, ಬೋಸ್ ವಿಶ್ವಭಾರತಿಗೆ ಹೋದ ವರ್ಷವೇ, ಇಂಗ್ಲೆಂಡಿನಲ್ಲಿ ಹ್ಯಾನ್‌ಬರಿ ಬ್ರೌನ್ ಮತ್ತು ಟ್ವಿಸ್ ಎಂಬ ಇಬ್ಬರು ಪಾದರಸ ದೀಪದ ಬೆಳಕನ್ನು ಅರೆಪಾರದರ್ಶಕ ಕನ್ನಡಿಯಿಂದ ಎರಡಾಗಿ ಒಡೆದು ಎರಡು ಮಾಪಕಗಳಿಗೆ ಕಳುಹಿಸಿದರು. ಈ ಹ್ಯಾನ್‌ಬರಿ ಬ್ರೌನ್ ಹುಟ್ಟಿದ್ದು ನಮ್ಮ ನೆರೆಯ ನೀಲಗಿರಿಯ ಅರುವಂಕಾಡಿನಲ್ಲಿ. ಎರಡು ಮಾಪಕಗಳ ಏರಿಳಿತ ಒಂದಕ್ಕೊಂದು ಹೊಂದಿಕೊಂಡಿತ್ತು. ಅದೇ ಉಪಾಯದಿಂದ, ಸೈನ್ಯದ ಹಳೆಯ ಸರ್ಚ್‌ಲೈಟ್ ಕನ್ನಡಿಗಳನ್ನು ಬಳಸಿ, ಲುಬ್ಧಕ ನಕ್ಷತ್ರದ ಗಾತ್ರವನ್ನೂ ಅವರು ಅಳೆದರು. ಅನೇಕ ವಿಜ್ಞಾನಿಗಳು ನಂಬಲಿಲ್ಲ. ಬೆಳಕಿನ ಕಣ ಒಂದೋ ಇತ್ತ ಹೋಗಬೇಕು, ಇಲ್ಲ ಅತ್ತ ಹೋಗಬೇಕು, ಎರಡೂ ಕಡೆ ಒಟ್ಟಿಗೆ ಹೆಚ್ಚುವುದು ಹೇಗೆ ಎಂದು ಕೇಳಿದರು. ಅಮೆರಿಕದ ಎಡ್ವರ್ಡ್ ಪರ್ಸೆಲ್ ಉತ್ತರ ಕೊಟ್ಟರು. ಬೋಸ್ ಎಣಿಕೆಯ ಪ್ರಕಾರ ಕಣಗಳು ಗುಂಪಾಗಿ ಬರುತ್ತವೆ, ಆದ್ದರಿಂದ ಇದು ಆಗಲೇಬೇಕು ಎಂದರು.

ತಮಾಷೆಯೆಂದರೆ, ಹಳೆಯ ಅಲೆ ಸಿದ್ಧಾಂತವೂ ಅದೇ ಉತ್ತರ ಕೊಡುತ್ತದೆ. ಮದುವೆ ಹಾಲ್‌ನಲ್ಲಿ ನೂರಾರು ಜನ ಒಟ್ಟಿಗೆ ಮಾತಾಡುವಾಗ ಗದ್ದಲ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಹಾಲ್‌ನಲ್ಲಿ ಅಕ್ಕಪಕ್ಕ ಕುಳಿತ ಇಬ್ಬರಿಗೂ ಆ ಏರಿಳಿತ ಒಟ್ಟಿಗೇ ಕೇಳುತ್ತದೆ. ಉಷ್ಣ ಬೆಳಕೂ ಅಸಂಖ್ಯ ಪರಮಾಣುಗಳ ಅಲೆಗಳ ಗದ್ದಲ. ಅದು ಹೆಚ್ಚಾದಾಗ ಎರಡೂ ಮಾಪಕದಲ್ಲಿ ಹೆಚ್ಚು, ಕಡಿಮೆಯಾದಾಗ ಎರಡರಲ್ಲೂ ಕಡಿಮೆ. ಲೆಕ್ಕ ಹಾಕಿದರೆ ಎರಡೂ ಪುಸ್ತಕಗಳ ಮೊತ್ತ ಒಂದೇ. ಎರಡು ಮಾಪಕಗಳೂ ಒಂದೇ ಕ್ಷಣದಲ್ಲಿ ಕಣ ಹಿಡಿಯುವ ಸಂಭವ, ಸುಮ್ಮನೆ ಅಕಸ್ಮಾತ್ ಆಗುವುದಕ್ಕಿಂತ ಹೆಚ್ಚೆಂದರೆ ಎರಡು ಪಟ್ಟು.

ಇದೇ ಪ್ರಶ್ನೆ ಚಿತ್ರ ತೆಗೆಯುವ ಹೊಸ ವಿಧಾನವೊಂದರಲ್ಲಿ ಮತ್ತೆ ಎದ್ದಿತು. ಅದರ ಹೆಸರು ಘೋಸ್ಟ್ ಇಮೇಜಿಂಗ್. ಬೆಳಕನ್ನು ಎರಡಾಗಿ ಒಡೆಯುತ್ತಾರೆ. ಒಂದು ಪಾಲು ವಸ್ತುವಿನ ಮೇಲೆ ಬೀಳುತ್ತದೆ, ಅದರ ಹಿಂದೆ ಒಟ್ಟು ಬೆಳಕನ್ನು ಮಾತ್ರ ಅಳೆಯುವ ಒಂದು ಮಾಪಕ. ಇನ್ನೊಂದು ಪಾಲು ವಸ್ತುವನ್ನು ಮುಟ್ಟದೆ ನೇರ ಕ್ಯಾಮರಾಕ್ಕೆ ಹೋಗುತ್ತದೆ. ಎರಡರಲ್ಲಿ ಯಾವುದರಲ್ಲೂ ಚಿತ್ರವಿಲ್ಲ. ಆದರೆ ಎರಡರ ದಾಖಲೆಗಳನ್ನು ಸಾವಿರಾರು ಸಲ ಹೋಲಿಸಿದರೆ ವಸ್ತುವಿನ ಚಿತ್ರ ಮೂಡುತ್ತದೆ!

ನನಗೆ ಇದು ಅರ್ಥವಾದದ್ದು ಅಬ್ಬಾ ಅವರ ಅಂಗಡಿಯ ಉದಾಹರಣೆಯಿಂದ. ದಿನಾ ಅಂಗಡಿಯ ಮುಂದೆ ಯಾವ ಯಾವ ಸಾಮಾನು ಜೋಡಿಸಿದ್ದರು ಎಂದು ಒಂದು ಪುಸ್ತಕದಲ್ಲಿದೆ ಎಂದುಕೊಳ್ಳಿ. ಗಲ್ಲಾಪೆಟ್ಟಿಗೆಯ ಒಟ್ಟು ವ್ಯಾಪಾರ ಮಾತ್ರ ಇನ್ನೊಂದು ಪುಸ್ತಕದಲ್ಲಿದೆ. ಗಿರಾಕಿಗಳಿಗೆ ಯಾವುದು ಇಷ್ಟ ಎಂದು ಮೊದಲ ಪುಸ್ತಕಕ್ಕೂ ಗೊತ್ತಿಲ್ಲ, ಎರಡನೆಯದಕ್ಕೂ ಗೊತ್ತಿಲ್ಲ. ಒಂದು ವರ್ಷದ ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ವ್ಯಾಪಾರ ಜೋರಾದ ದಿನಗಳಲ್ಲಿ ಯಾವ ಸಾಮಾನು ಮುಂದಿತ್ತು ಎಂದು ತಾನಾಗಿ ಎದ್ದು ಕಾಣುತ್ತದೆ.

1995ರಲ್ಲಿ ಅಮೆರಿಕದಲ್ಲಿ ಈ ಚಿತ್ರವನ್ನು ಮೊದಲು ತೆಗೆದಾಗ, ಕ್ವಾಂಟಮ್ ರೀತಿಯಲ್ಲಿ ಹೆಣೆದುಕೊಂಡ ಕಣಗಳ ಜೋಡಿಗಳನ್ನು ಬಳಸಿದ್ದರು. ಹಾಗಾಗಿ ಇದು ಕ್ವಾಂಟಮ್ ಚಮತ್ಕಾರ ಎಂದೇ ಹಲವರು ತಿಳಿದರು. 2002ರಲ್ಲಿ ಸಾಧಾರಣ ಲೇಸರ್ ಕಿರಣವನ್ನು ಅತ್ತಿತ್ತ ತಿರುಗಿಸಿ ಇಂಥದ್ದೇ ಚಿತ್ರ ತೆಗೆದರು. ಆಮೇಲೆ ಉಷ್ಣ ಬೆಳಕಿನಿಂದಲೂ ತೆಗೆದರು. ಆಗ ವಾದ ಕಾವೇರಿತು. ಒಂದು ಗುಂಪು, ಇದು ಎರಡೆರಡು ಕಣಗಳು ಸೇರಿ ಮಾಡುವ ಕೆಲಸ, ಕ್ವಾಂಟಮ್ ಇಲ್ಲದೆ ಇದನ್ನು ನಿಜವಾಗಿ ವಿವರಿಸಲಾಗದು ಎಂದಿತು. ಇನ್ನೊಂದು ಗುಂಪು, ಎರಡು ಪಾಲಿನಲ್ಲೂ ಒಂದೇ ಬಗೆಯ ಬೆಳಕಿನ ಚುಕ್ಕೆಗಳಿವೆ, ಅಲೆಗಳ ಏರಿಳಿತವೇ ಸಾಕು ಎಂದಿತು. 2008ರಲ್ಲಿ ಜೆಫ್ರಿ ಶಪೀರೊ ಒಂದು ಸರಳ ಉಪಾಯ ಸೂಚಿಸಿದರು. ಚುಕ್ಕೆಗಳ ವಿನ್ಯಾಸವನ್ನು ನಾವೇ ಕಂಪ್ಯೂಟರಿನಿಂದ ನಿರ್ಧರಿಸಿದರೆ ಎರಡನೇ ಪಾಲೂ ಬೇಡ, ಕ್ಯಾಮರಾವೂ ಬೇಡ. ಅಬ್ಬಾ ಯಾವ ದಿನ ಯಾವ ಸಾಮಾನು ಜೋಡಿಸಬೇಕೆಂದು ಮೊದಲೇ ಬರೆದಿಟ್ಟಿದ್ದರೆ ಮತ್ತೆ ಹೋಗಿ ನೋಡಿ ಬರೆಯುವ ಅಗತ್ಯವಿಲ್ಲವಲ್ಲ, ಹಾಗೆ. ಮರುವರ್ಷ ಪ್ರಯೋಗದಲ್ಲಿ ಅದೂ ಆಯಿತು. ಜೊತೆಗಾರ ಕಣವೇ ಇಲ್ಲದಿದ್ದರೂ ಚಿತ್ರ ಬಂತು.

ಹಾಗಾದರೆ ಯಾರು ಸರಿ? ನಾನು ಅರ್ಥ ಮಾಡಿಕೊಂಡದ್ದು ಇಷ್ಟು. ಉಷ್ಣ ಬೆಳಕಿನ ಚಿತ್ರವೊಂದನ್ನೇ ಮುಂದಿಟ್ಟುಕೊಂಡು ಇದು ಕ್ವಾಂಟಮ್ ಎಂದು ಸಾಬೀತು ಮಾಡಲಾಗದು, ಏಕೆಂದರೆ ಅಲೆಯ ಪುಸ್ತಕವೂ ತಾಳೆಯಾಗುತ್ತದೆ. ಹಾಗೆಂದು ಕ್ವಾಂಟಮ್ ಲೆಕ್ಕ ತಪ್ಪೂ ಅಲ್ಲ, ಅದೂ ತಾಳೆಯಾಗುತ್ತದೆ. ಎರಡು ಪುಸ್ತಕಗಳಲ್ಲಿ ಒಂದನ್ನು ಆರಿಸಬೇಕಾದರೆ ಅವು ತಾಳೆಯಾಗದ ಜಾಗಕ್ಕೇ ಹೋಗಬೇಕು. ಹೆಣೆದುಕೊಂಡ ಜೋಡಿ ಕಣಗಳ ಕೆಲವು ಪ್ರಯೋಗಗಳು ಅಂಥವು. ಇನ್ನೊಂದು ಜಾಗ ಬೋಸ್ ಅವರದ್ದೇ. ಅದೇ ಉಷ್ಣ ಬೆಳಕಿನ ಬಣ್ಣಗಳ ಲೆಕ್ಕ ಕೇಳಿದರೆ ಅಲೆಯ ಪುಸ್ತಕ ಪೂರ್ತಿ ಸೋಲುತ್ತದೆ. ಅಂದರೆ ಒಂದೇ ಬೆಳಕು, ಒಂದು ಪ್ರಶ್ನೆಗೆ ಹಳೆಯ ಲೆಕ್ಕ ಸಾಕು, ಇನ್ನೊಂದು ಪ್ರಶ್ನೆಗೆ ಸಾಲದು. ಬೆಳಕು ಯಾವುದು ಎನ್ನುವುದಕ್ಕಿಂತ ನಾವು ಏನು ಕೇಳುತ್ತಿದ್ದೇವೆ ಎಂಬುದು ಮುಖ್ಯ.

ನಮಗೆ ಪಾಠ

ಪ್ರಿಯ ಗೆಳೆಯ ಗೆಳತಿಯರೇ, ಪರೀಕ್ಷೆಯ ಹಿಂದಿನ ರಾತ್ರಿ ನಾವೆಲ್ಲ ಉತ್ತರ ನೋಡಿ ಲೆಕ್ಕ ಹೊಂದಿಸುವವರೇ. ನಾನೂ ಮಾಡಿದ್ದೇನೆ. ಒಂದು ಸಲ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗಲೆಂದು ಸಸ್ಪೆನ್ಸ್ ಖಾತೆಗೆ ಮೊತ್ತ ಹಾಕಿ ಸುಮ್ಮನಾದೆ. ಅಂಕ ಬಂತು, ತಪ್ಪು ಎಲ್ಲಿತ್ತು ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. ಢಾಕಾದ ಆ ಮೇಷ್ಟ್ರು ಬಯಸಿದ್ದರೆ ಹಾಗೆಯೇ ಮಾಡಬಹುದಿತ್ತು. ಪ್ಲಾಂಕ್ ಸೂತ್ರ ಸರಿಯಿದೆ, ಬರೆದುಕೊಳ್ಳಿ ಎಂದು ಬೋರ್ಡ್ ಒರೆಸಿ ಹೋಗಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ತನಗೆ ತಿಳಿಯದ್ದನ್ನು ತಿಳಿದಂತೆ ಕಲಿಸಲು ಅವರಿಗೆ ಆಗಲಿಲ್ಲ. ಒಬ್ಬ ಅಧ್ಯಾಪಕರ ಆ ಪ್ರಾಮಾಣಿಕತೆಯಿಂದ ಜಗತ್ತಿನ ಕಣಗಳಲ್ಲಿ ಒಂದು ಇಡೀ ವರ್ಗಕ್ಕೆ ಅವರ ಹೆಸರು ಬಂತು.

ಸೈನ್ಸ್ ಓದುವವರಿಗೆ ಬೋಸ್ ಒಂದು ಪಾಠ. ಕಾಮರ್ಸ್ ಓದುವ ನಮಗೂ ಅವರು ನಮ್ಮವರೇ, ಏಕೆಂದರೆ ಅವರು ಮಾಡಿದ್ದು ಲೆಕ್ಕವನ್ನು ಮೊದಲ ನಮೂದಿನಿಂದ ಪ್ರಾಮಾಣಿಕವಾಗಿ ಬರೆಯುವ ಕೆಲಸ. ನಾನು ಆ ಹಳೆಯ ಟ್ರಯಲ್ ಬ್ಯಾಲೆನ್ಸನ್ನು ಈ ವಾರ ಮತ್ತೆ ತೆಗೆದಿದ್ದೇನೆ. ಸಸ್ಪೆನ್ಸ್ ಖಾತೆ ಮುಚ್ಚುವವರೆಗೂ ಬಿಡುವುದಿಲ್ಲ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ